ತಾನಾಗಿ ಏಳುವ ಯಂತ್ರ

ವಿರಾಜಪೇಟೆಯಿಂದ ಪೆರುಂಬಾಡಿಯನ್ನು ದಾಟಿ ಕೇರಳದ ಇರಿಟ್ಟಿಯ ಕಡೆಗೆ ಇಳಿಯುವ ಘಟ್ಟದ ರಸ್ತೆಯು ಕೊಡಗಿನ ಎಲ್ಲೆಯನ್ನು ಬಿಡುವ ಮೊದಲು ಮಾಕುಟ್ಟವೆಂಬ ಸಣ್ಣ ಊರನ್ನು ಮುಟ್ಟುತ್ತದೆ. ಸುತ್ತಲೂ ಬ್ರಹ್ಮಗಿರಿಯ ನಿತ್ಯಹರಿದ್ವರ್ಣದ ಕಾಡು. ಮುಂದೆ ತನಿಖಾ ಠಾಣೆ, ಹೊಳೆ, ಹೊಳೆಯಾಚೆ ಕೂಟುಪುಳ. ಅರಬ್ಬೀ ಸಮುದ್ರದಿಂದ ಹೊರಟ ಮುಂಗಾರಿನ ಮೋಡಗಳು ಪಶ್ಚಿಮಘಟ್ಟವನ್ನು ಏರತೊಡಗುವ ಎಡೆಗಳಲ್ಲಿ ಇದೂ ಒಂದು. ಇಲ್ಲಿ ಮಳೆಯೆಂದರೆ ಒಂದು ಘಟನೆಯಲ್ಲ, ಒಂದು ಋತುವಿನ ಉದ್ದಕ್ಕೂ ನಡೆಯುವ ವ್ಯವಹಾರ. ೨೦೧೮ರ ಜೂನ್ ತಿಂಗಳಲ್ಲಿ ಗುಡ್ಡಗಳು ಜರಿದು ಈ ರಸ್ತೆಯ ಸಂಚಾರವೇ ನಿಂತಿತು. ೨೦೨೦ರ ಮಾರ್ಚಿಯಲ್ಲಿ, ಕೊರೋನಾ ಸಾಂಕ್ರಾಮಿಕದ ಕಾಲದಲ್ಲಿ, ಇದೇ ಗಡಿಯ ರಸ್ತೆಗೆ ಮಣ್ಣು ಸುರಿದು ದಾರಿಯನ್ನು ಮುಚ್ಚಲಾಯಿತು. ಒಟ್ಟಿನಲ್ಲಿ, ಇಂದು ತಲಪಬಲ್ಲ ಸ್ಥಳವನ್ನು ನಾಳೆಯೂ ತಲಪಬಹುದೆಂಬ ಭರವಸೆ ಇಲ್ಲಿಲ್ಲ.

ಗಣಕಯಂತ್ರಗಳ ವಿಷಯವನ್ನು ಬರೆಯಹೊರಟವರು ಮಾಕುಟ್ಟದಿಂದ ಆರಂಭಿಸುವುದೇಕೆಂದು ವಾಚಕರು ಕೇಳಬಹುದು. ಕಾರಣವು ಸರಳವಾಗಿದೆ. ನಗರದ ಕೊಠಡಿಯಲ್ಲಿ ಕುಳಿತಿರುವವನಿಗೆ ಎಂದೂ ತೋರದ ಒಂದು ಪ್ರಶ್ನೆಯನ್ನು ಈ ಊರು ನಮಗೆ ಕಲಿಸಿತು. ವಿದ್ಯುತ್ತು ನಿಂತು, ಮತ್ತೆ ಬಂದಾಗ, ಹತ್ತಿರ ಯಾರೂ ಇಲ್ಲದಿದ್ದರೆ ಯಂತ್ರವು ಏನು ಮಾಡುತ್ತದೆ? ತಾನಾಗಿ ಎದ್ದು ತನ್ನ ಕೆಲಸವನ್ನು ಮುಂದುವರಿಸುತ್ತದೆಯೋ, ಅಥವಾ ಯಾರಾದರೂ ಬಂದು ಎಬ್ಬಿಸಲಿ ಎಂದು ಕಾದು ಕುಳಿತಿರುತ್ತದೆಯೋ?

೨೦೧೯ರ ಮಳೆಗಾಲದಲ್ಲಿ ಮಾಕುಟ್ಟದ ಸಮೀಪ ಪರಿಚಿತರೊಬ್ಬರ ಮನೆಯಂಗಳದಲ್ಲಿ ನಾವು ಒಂದು ಮಳೆಮಾಪಕವನ್ನು ನಿಲ್ಲಿಸಿದ್ದೆವು. ಅದರೊಳಗೆ ತಕ್ಕಡಿಯಂತೆ ತೂಗುವ ಪುಟ್ಟ ಬುಟ್ಟಿಯೊಂದಿರುತ್ತದೆ. ೦.೨ ಮಿಲಿಮೀಟರಿನಷ್ಟು ಮಳೆಯ ನೀರು ತುಂಬಿದೊಡನೆ ಬುಟ್ಟಿಯು ಒಂದು ಕಡೆಗೆ ಮಗುಚುತ್ತದೆ. ಮಗುಚಿದಾಗಲೆಲ್ಲ ಒಂದು ವಿದ್ಯುತ್ ಸಂಕೇತ ಹೊರಡುತ್ತದೆ. ಆ ಸಂಕೇತಗಳನ್ನು ಎಣಿಸಿ ಬರೆದಿಡುವ ಕೆಲಸವನ್ನು ಒಳಮನೆಯಲ್ಲಿದ್ದ ಹಳೆಯ ಗಣಕಯಂತ್ರವೊಂದಕ್ಕೆ ಒಪ್ಪಿಸಿದ್ದೆವು. ಅದರಲ್ಲಿ ಯುನಿಕ್ಸ್ ಸಂಪ್ರದಾಯಕ್ಕೆ ಸೇರಿದ ಲಿನಕ್ಸ್, ಅದರಲ್ಲಿಯೂ ಉಬುಂಟುವಿನ ಹಳೆಯ ಆವೃತ್ತಿಯೊಂದು, ಕೆಲಸ ಮಾಡುತ್ತಿತ್ತು. ಗಂಟೆಗೊಮ್ಮೆ ಅದು ಲೆಕ್ಕವನ್ನು ನಮಗೆ ಕಳುಹಿಸುತ್ತಿತ್ತು. ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿ ಹೊತ್ತಿಕೊಳ್ಳುವ ಏರ್ಪಾಡನ್ನೂ ಮಾಡಿದ್ದೆವು. ಇಷ್ಟು ಸಾಕೆಂಬುದು ನಮ್ಮ ನಂಬಿಕೆ.

ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಮಳೆ ಬಿರುಸಾಯಿತು. ಒಂದು ಸಂಜೆ ಲೆಕ್ಕ ಬರುವುದು ನಿಂತಿತು. ದೂರವಾಣಿಯೂ ಸಿಕ್ಕಲಿಲ್ಲ, ರಸ್ತೆಯ ಸ್ಥಿತಿ ತಿಳಿಯದು. ಆರು ದಿನಗಳ ತರುವಾಯ ಮನೆಯ ಯಜಮಾನರ ಧ್ವನಿ ಕೇಳಿಸಿತು. “ಕರೆಂಟು ಆವತ್ತು ರಾತ್ರಿಯೇ ಬಂತು ಸಾರ್, ನಿಮ್ಮ ಯಂತ್ರದ ದೀಪವೂ ಉರಿಯುತ್ತಾ ಇದೆ,” ಎಂದರು. ತೆರೆಯನ್ನು ಹೊತ್ತಿಸಿ ನೋಡಿರೆಂದು ಬೇಡಿಕೊಂಡೆವು. ಕಪ್ಪು ತೆರೆಯ ಮೇಲೆ ನಾಲ್ಕೈದು ಸಾಲು ಇಂಗ್ಲಿಷ್ ಅಕ್ಷರಗಳು. ಅವುಗಳಲ್ಲಿ ಮೊದಲ ಸಾಲಿನ ಮೇಲೆ ಬಿಳಿಯ ಪಟ್ಟಿ. ಬೇರೆ ಏನೂ ಇಲ್ಲ. ಕೀಲಿಮಣೆಯಲ್ಲಿ ‘ಎಂಟರ್’ ಎಂಬ ಗುಂಡಿಯನ್ನು ಒಮ್ಮೆ ಒತ್ತಿರೆಂದೆವು. ಒತ್ತಿದರು. ಎರಡು ನಿಮಿಷಗಳಲ್ಲಿ ಯಂತ್ರವು ಎದ್ದು ಎಣಿಕೆಯನ್ನು ಮುಂದುವರಿಸಿತು.

ಒಂದು ಗುಂಡಿಯ ಒಂದು ಒತ್ತಿಗಾಗಿ ಯಂತ್ರವು ಆರು ದಿನ ಕಾದಿತ್ತು! ಅಂಗಳದಲ್ಲಿ ಬುಟ್ಟಿಯು ಹಗಲಿರುಳೂ ಮಗುಚುತ್ತಿತ್ತು, ಎಣಿಸುವವರಿರಲಿಲ್ಲ. ಅದೇ ವಾರದಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಗುಡ್ಡ ಜರಿದು ಜೀವಹಾನಿಯಾಯಿತು. ನಮ್ಮ ಸಣ್ಣ ಮಾಪಕವು ಅದನ್ನು ತಡೆಯುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಯಾವ ಇಳುಕಲು ಎಷ್ಟು ಮಳೆಯನ್ನು ತಾಳೀತೆಂಬ ಅರಿವು ಹುಟ್ಟುವುದು ಇಂಥ ಲೆಕ್ಕಗಳನ್ನು ವರ್ಷ ವರ್ಷವೂ ಕೂಡಿಸಿದಾಗಲೇ. ಎಲ್ಲಕ್ಕಿಂತ ಬೇಕಾಗಿದ್ದ ಆರು ದಿನಗಳ ಜಾಗದಲ್ಲಿ ನಮ್ಮ ಪುಸ್ತಕದಲ್ಲಿ ಈಗಲೂ ಖಾಲಿ ಹಾಳೆಯಿದೆ. ತಪ್ಪು ಮಳೆಯದಲ್ಲ, ಯಂತ್ರದ್ದೂ ಅಲ್ಲ. ಓದದೆ ಬಿಟ್ಟಿದ್ದ ಒಂದು ಸಾಲಿನದು. ಅಂದರೆ ನಮ್ಮದು.

ಯಂತ್ರವು ಏಳುವ ಬಗೆ

ಎಷ್ಟು ನುರಿತ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಿದ್ದರು. ಗಣಕಯಂತ್ರವು ಎಚ್ಚರಗೊಳ್ಳುವಾಗ ಎದುರಿಸುವುದು ಇದೇ ಕಷ್ಟವನ್ನು. ಯಂತ್ರವು ಯಾವ ಕೆಲಸವನ್ನು ಮಾಡಬೇಕಾದರೂ ಅದರ ಸ್ಮರಣೆಯಲ್ಲಿ ಆದೇಶಗಳಿರಬೇಕು. ಡಿಸ್ಕಿನಲ್ಲಿರುವ ಆದೇಶಗಳನ್ನು ಸ್ಮರಣೆಗೆ ತರುವುದೂ ಒಂದು ಕೆಲಸವೇ. ಅದಕ್ಕೂ ಆದೇಶಗಳು ಬೇಕು. ಹಾಗಾದರೆ ಮೊದಲನೆಯ ಆದೇಶವನ್ನು ತರುವವರು ಯಾರು? ತನ್ನ ಪಾದರಕ್ಷೆಯ ಪಟ್ಟಿಯನ್ನು ಹಿಡಿದು ತನ್ನನ್ನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಇಂಗ್ಲಿಷಿನಲ್ಲಿ ‘ಬೂಟ್‌ಸ್ಟ್ರಾಪ್’ ಎಂಬ ಮಾತು ಸಲ್ಲುತ್ತದೆ. ಯಂತ್ರದ ಏಳುವಿಕೆಗೆ ‘ಬೂಟ್’ ಎಂಬ ಹೆಸರು ಬಂದುದು ಅಲ್ಲಿಂದ.

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ವ್ಯವಸ್ಥೆಗೆ ತಳಹದಿಯನ್ನು ಹಾಕಿದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಮನುಷ್ಯನೇ ಆಗಿದ್ದನು. ಅಂದಿನ ಯಂತ್ರಗಳ ಮುಖದ ಮೇಲೆ ಸಾಲಾಗಿ ಸ್ವಿಚ್ಚುಗಳಿರುತ್ತಿದ್ದವು. ಅವುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಕೆಲವು ಆದೇಶಗಳನ್ನು ಕೈಯಿಂದಲೇ ಸ್ಮರಣೆಯೊಳಕ್ಕೆ ತುಂಬುವ ಪದ್ಧತಿಯಿತ್ತು. ಆ ನಾಲ್ಕು ಆದೇಶಗಳು ಮುಂದಿನ ನಲವತ್ತನ್ನು ಎಳೆದುಕೊಂಡರೆ, ಆ ನಲವತ್ತು ಉಳಿದುದೆಲ್ಲವನ್ನೂ ಎಳೆದುಕೊಳ್ಳುತ್ತಿದ್ದವು.

ಇಂದು ಸ್ವಿಚ್ಚುಗಳಿಲ್ಲ, ಕ್ರಮ ಮಾತ್ರ ಅದೇ. ವಿದ್ಯುತ್ತು ಹರಿದೊಡನೆ ಮೊದಲು ಏಳುವುದು ಯಂತ್ರದ ಫಲಕದ ಮೇಲೆಯೇ ಬರೆದಿಟ್ಟಿರುವ ಮೂಲಲಿಪಿ. ಇದನ್ನು ಫರ್ಮ್‌ವೇರ್ ಎನ್ನುತ್ತಾರೆ. ಅದು ಸ್ಮರಣೆಯನ್ನೂ ಕೀಲಿಮಣೆಯನ್ನೂ ಪರೀಕ್ಷಿಸಿ, ಡಿಸ್ಕಿನಲ್ಲಿ ಗೊತ್ತಾದ ಜಾಗವನ್ನು ಹುಡುಕುತ್ತದೆ. ಹಳೆಯ ಪಿ.ಸಿ.ಗಳಲ್ಲಿ ಆ ಜಾಗವು ಡಿಸ್ಕಿನ ಮೊದಲ ೫೧೨ ಬೈಟುಗಳು. ಅದರಲ್ಲಿಯೂ ಆದೇಶಗಳಿಗೆ ದೊರೆಯುತ್ತಿದ್ದುದು ೪೪೬ ಬೈಟುಗಳು ಮಾತ್ರ, ಎಂದರೆ ಒಂದು ಅಂಚೆ ಕಾರ್ಡಿನ ಬರೆಹದಷ್ಟು. ಆ ಕಾರ್ಡು ಹೇಳುವುದಿಷ್ಟೆ: ಇಂಥ ಎಡೆಯಲ್ಲಿ ನನ್ನ ಅಣ್ಣನಿದ್ದಾನೆ, ಅವನನ್ನು ಕರೆ. ಅಣ್ಣನ ಹೆಸರು ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಗ್ರಬ್. ೧೯೯೫ರಲ್ಲಿ ಹುಟ್ಟಿದ ಈ ಕಾರ್ಯಕ್ರಮವು ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಆರಿಸಿ ಸ್ಮರಣೆಗೆ ತರುತ್ತದೆ. ಕರ್ನೆಲ್ ಎದ್ದು ತನ್ನ ಮೊದಲ ಕೂಸನ್ನು ಹಡೆಯುತ್ತದೆ. ಅದರ ಸಂಖ್ಯೆ ಯಾವಾಗಲೂ ೧. ಡಿಸ್ಕುಗಳನ್ನು ಜೋಡಿಸುವುದು, ಜಾಲವನ್ನು ತೆರೆಯುವುದು, ನಮ್ಮ ಮಳೆಯ ಎಣಿಕೆಯಂಥ ಕೆಲಸಗಳನ್ನು ಆರಂಭಿಸುವುದು, ಇವೆಲ್ಲ ಆ ಒಂದನೆಯದರ ಹೊಣೆ.

ಈ ಓಟದಲ್ಲಿ ಒಬ್ಬನು ಇನ್ನೊಬ್ಬನಿಗೆ ದೀವಟಿಗೆಯನ್ನು ಕೊಡುತ್ತ ಹೋಗುತ್ತಾನೆ. ಪ್ರತಿಯೊಂದು ಹಸ್ತಾಂತರದ ಎಡೆಯಲ್ಲಿಯೂ, ಏನಾದರೂ ಎಡವಟ್ಟಾದರೆ ಮಾಡಬೇಕಾದುದೇನೆಂಬ ನಿಯಮವೊಂದನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಈ ನಿಯಮಗಳೇ ಬೂಟಿನ ಅಳವಡಿಕೆಗಳು. ಯುನಿಕ್ಸ್ ಸಂಪ್ರದಾಯದ ಹಿರಿಯ ಗುಣವೆಂದರೆ, ಅವುಗಳಲ್ಲಿ ಬಹುಪಾಲನ್ನು ಅದು ಗುಟ್ಟಾಗಿಡದೆ, ಯಾರು ಬೇಕಾದರೂ ಓದಬಲ್ಲ ಸಾದಾ ಬರೆಹದ ಕಡತಗಳಲ್ಲಿ ಇಟ್ಟಿದೆ.

ಆರು ದಿನದ ಒಗಟು

ಮಾಕುಟ್ಟದ ಯಂತ್ರವು ಕಾದು ಕುಳಿತುದೇಕೆ? ಮಳೆ ಕಡಮೆಯಾದ ಮೇಲೆ ಹೋಗಿ, ದಾಖಲೆಗಳನ್ನು ಓದಿ, ಅದನ್ನು ಪತ್ತೆ ಮಾಡಿದೆವು.

ಗ್ರಬ್ ಒಂದು ಎಚ್ಚರಿಕೆಯ ಕಾರ್ಯಕ್ರಮ. ಉಬುಂಟುವಿನಲ್ಲಿ ಅದು ಕರ್ನೆಲಿಗೆ ದೀವಟಿಗೆಯನ್ನು ಕೊಡುವ ಮುನ್ನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಒಂದು ಗುರುತನ್ನು ಮಾಡಿದಂತೆ ಡಿಸ್ಕಿನಲ್ಲಿ ಒಂದು ಟಿಪ್ಪಣಿಯನ್ನು ಬರೆಯುತ್ತದೆ. ವ್ಯವಸ್ಥೆಯು ಪೂರ್ತಿಯಾಗಿ ಎದ್ದ ಮೇಲೆ ಆ ಗುರುತನ್ನು ಅಳಿಸುತ್ತದೆ. ಮುಂದಿನ ಬಾರಿ ಏಳುವಾಗ ಗುರುತು ಹಾಗೆಯೇ ಇದ್ದರೆ, ಕಳೆದ ಬಾರಿ ಏಳುವುದು ಪೂರ್ತಿಯಾಗಲಿಲ್ಲವೆಂದು ಗ್ರಬ್ಬಿಗೆ ತಿಳಿಯುತ್ತದೆ. ಆಗ ಅದು ಆಯ್ಕೆಯ ಪಟ್ಟಿಯನ್ನು ತೆರೆಯ ಮೇಲೆ ತೋರಿಸಿ, ಮನುಷ್ಯನ ತೀರ್ಮಾನಕ್ಕಾಗಿ ಕಾಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಕಾಯುವಿಕೆಗೆ ಕೊನೆಯಿರಲಿಲ್ಲ; ಈಚಿನವುಗಳಲ್ಲಿ ಮೂವತ್ತು ಸೆಕೆಂಡುಗಳ ಮಿತಿಯಿದೆ.

ಬರಿಯ ವಿದ್ಯುತ್ತು ಹೋಗಿ ಬಂದಿದ್ದರೆ ತೊಂದರೆಯಿರಲಿಲ್ಲ. ಎದ್ದು ಕೆಲಸ ಮಾಡುತ್ತಿದ್ದ ಯಂತ್ರದಲ್ಲಿ ಗುರುತು ಮೊದಲೇ ಅಳಿದಿರುತ್ತದೆ. ಆದರೆ ಘಟ್ಟದಲ್ಲಿ ವಿದ್ಯುತ್ತು ಹೋದಂತೆ ಬರುವುದಿಲ್ಲವೆಂಬುದು ಅಲ್ಲಿನ ಹಳ್ಳಿಗರಿಗೆಲ್ಲ ಗೊತ್ತು. ತಂತಿಯ ಮೇಲೆ ಮರದ ಕೊಂಬೆ ಬಿದ್ದಿರುತ್ತದೆ. ದುರಸ್ತಿಯಾಗಿ ಒಮ್ಮೆ ಬರುತ್ತದೆ, ಅರೆ ನಿಮಿಷದಲ್ಲಿ ಇನ್ನೆಲ್ಲಿಯೋ ಇನ್ನೊಂದು ಕೊಂಬೆ ತಾಗಿ ಮತ್ತೆ ಹೋಗುತ್ತದೆ. ಆ ಅರೆ ನಿಮಿಷದಲ್ಲಿ ನಮ್ಮ ಯಂತ್ರವು ಏಳತೊಡಗಿತ್ತು. ಬಾಗಿಲ ಮೇಲೆ ಗುರುತನ್ನು ಬರೆದಿತ್ತು. ಅಳಿಸುವ ಮೊದಲೇ ಮತ್ತೆ ಕತ್ತಲಾಯಿತು. ಮೂರನೆಯ ಬಾರಿ ವಿದ್ಯುತ್ತು ಬಂದು ನಿಂತಾಗ ಗ್ರಬ್ ಗುರುತನ್ನು ಕಂಡಿತು. ತನ್ನ ನಿಯಮದಂತೆ ಕಾದು ಕುಳಿತಿತು.

ಇಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಯಂತ್ರವು ತನಗೆ ಹೇಳಿದುದನ್ನು ಅಕ್ಷರಶಃ ಪಾಲಿಸಿತು. ಆ ನಿಯಮವೂ ಮೂರ್ಖತನದ್ದಲ್ಲ. ಮೇಜಿನ ಮುಂದೆ ಮನುಷ್ಯನು ಕುಳಿತಿದ್ದರೆ, ಎಡವಿದ ಯಂತ್ರವು ಅವನನ್ನು ಕೇಳಿ ಮುಂದುವರಿಯುವುದೇ ಸರಿ. ನಿಯಮವನ್ನು ಬರೆದವನು ಯಂತ್ರದ ಮುಂದೆ ಒಬ್ಬನಿರುವನೆಂದು ಊಹಿಸಿದ್ದನು, ಅಷ್ಟೆ. ಅವನ ಊಹೆಯಲ್ಲಿ ಮಾಕುಟ್ಟವಿರಲಿಲ್ಲ.

ಮೊದಲೇ ಅಳವಡಿಸಿಕೊಟ್ಟಿರುವ ಪ್ರತಿಯೊಂದು ಏರ್ಪಾಡೂ ದೂರದಲ್ಲಿರುವ ಯಾರೋ ನಮ್ಮ ಪರಿಸ್ಥಿತಿಯನ್ನು ಕುರಿತು ಮಾಡಿದ ಒಂದು ಊಹೆಯೆಂಬುದು ನಮ್ಮ ಅಭಿಪ್ರಾಯ. ಊಹೆಯು ಸರಿಯಾಗಿರುವಾಗ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಪ್ಪಾದಾಗ ಅದನ್ನು ಓದಿ ತಿದ್ದಬಲ್ಲವನು ಯಂತ್ರದ ಒಡೆಯನು. ತಿದ್ದಲರಿಯದವನು, ಬೆಲೆ ಕೊಟ್ಟು ಕೊಂಡಿದ್ದರೂ, ಅದರ ಅತಿಥಿ ಮಾತ್ರ.

ತಿದ್ದಿದ ಸಾಲುಗಳು

ತಿದ್ದಲು ನಮಗೆ ಬೇಕಾದುದು ಒಂದು ಸಂಜೆ, ಒಂದು ಕೀಲಿಮಣೆ ಮತ್ತು ಕೆಲವೇ ಸಾಲುಗಳು. ಯಂತ್ರದಲ್ಲಿ ರೋಮನ್ ಅಕ್ಷರಗಳಿಂದ ಬರೆಯುವ ಹೆಸರುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕೊಟ್ಟಿದ್ದೇವೆ.

ಮೊದಲನೆಯದು ಫರ್ಮ್‌ವೇರಿನ ಏರ್ಪಾಡು. ವಿದ್ಯುತ್ತು ಮರಳಿದಾಗ ಆರಿಯೇ ಇರಬೇಕೆ, ಏಳಬೇಕೆ, ಅಥವಾ ಹಿಂದೆ ಇದ್ದ ಸ್ಥಿತಿಗೆ ಬರಬೇಕೆ ಎಂಬ ಮೂರು ಆಯ್ಕೆಗಳು ಅಲ್ಲಿ ಸಾಮಾನ್ಯವಾಗಿರುತ್ತವೆ. ಸಾಧಾರಣ ಪಿ.ಸಿ.ಯಲ್ಲಿ ಇದನ್ನು ಯಂತ್ರವು ಏಳುವ ಕ್ಷಣದಲ್ಲಿ ಅದರ ಮುಂದೆ ಕುಳಿತೇ ಬದಲಾಯಿಸಬೇಕು. ದೊಡ್ಡ ಸರ್ವರುಗಳಲ್ಲಿ ‘ಐಪಿಎಂಐ-ಟೂಲ್’ ಎಂಬ ಆದೇಶದಿಂದಲೂ, ಆಪಲ್ ಕಂಪನಿಯ ಮ್ಯಾಕ್ ಯಂತ್ರಗಳಲ್ಲಿ ‘ಪಿಎಂ-ಸೆಟ್’ ಎಂಬುದರಿಂದಲೂ ಆದೇಶಪಂಕ್ತಿಯಲ್ಲಿಯೇ ಬದಲಾಯಿಸಬಹುದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕ ಪಿ.ಸಿ.ಗಳಲ್ಲಿ ಈ ಏರ್ಪಾಡನ್ನೂ ಗಡಿಯಾರವನ್ನೂ ಕಾಪಾಡುವುದು ಫಲಕದ ಮೇಲಿರುವ ಒಂದು ನಾಣ್ಯದಷ್ಟು ಬ್ಯಾಟರಿ. ಅದು ಸತ್ತರೆ ಯಂತ್ರವು ತಾನು ಏಳಬೇಕೆಂಬುದನ್ನೇ ಮರೆಯಬಹುದು. ಎದ್ದರೂ ಇಂದು ಯಾವ ದಿನವೆಂದು ತಿಳಿಯದೆ ಮಳೆಯನ್ನು ತಪ್ಪು ತಾರೀಖಿಗೆ ಬರೆಯಬಹುದು.

ಎರಡನೆಯದು ಗ್ರಬ್ಬಿನ ಏರ್ಪಾಡು. ‘ಈಟಿಸಿ’ ಎಂಬ ಕೋಶದೊಳಗಿನ ‘ಡಿಫಾಲ್ಟ್’ ಎಂಬ ಉಪಕೋಶದಲ್ಲಿ ‘ಗ್ರಬ್’ ಎಂಬ ಹೆಸರಿನದೇ ಒಂದು ಕಡತವಿದೆ. ಅದರಲ್ಲಿ ‘ಗ್ರಬ್ ರೆಕಾರ್ಡ್‌ಫೇಲ್ ಟೈಮ್‌ಔಟ್’ ಎಂಬ ಸಾಲನ್ನು ಸೇರಿಸಿ ಬೆಲೆಯನ್ನು ೫ ಎಂದು ಬರೆದೆವು. ಎಡವಿದ ಗುರುತನ್ನು ಕಂಡರೂ ಐದು ಸೆಕೆಂಡು ಮಾತ್ರ ಕಾದು ಮುಂದುವರಿ ಎಂಬುದು ಇದರ ತಾತ್ಪರ್ಯ. ಕಡತವನ್ನು ತಿದ್ದಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ‘ಅಪ್ಡೇಟ್-ಗ್ರಬ್’ ಎಂಬ ಆದೇಶವನ್ನು ಕೊಟ್ಟಾಗಲೇ ಗ್ರಬ್ ನಿಜವಾಗಿ ಓದುವ ಪಟ್ಟಿಯು ಹೊಸದಾಗಿ ತಯಾರಾಗುತ್ತದೆ. ಅರ್ಜಿಯನ್ನು ಬರೆದು ಮೇಜಿನ ಮೇಲೆಯೇ ಬಿಟ್ಟು, ಉತ್ತರ ಬರಲಿಲ್ಲವೆಂದು ಕೊರಗುವವರಂತೆ, ಹೊಸಬರು ಇಲ್ಲಿ ಮೋಸಹೋಗುವುದುಂಟು.

ಮೂರನೆಯದು ಡಿಸ್ಕುಗಳ ವಿಷಯ. ‘ಎಫ್‌ಎಸ್-ಟ್ಯಾಬ್’ ಎಂಬ ಕಡತದಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಿರುತ್ತದೆ. ಪ್ರತಿಗಾಗಿ ಇಟ್ಟಿದ್ದ ಹೊರಗಿನ ಡಿಸ್ಕೊಂದನ್ನು ಯಾರಾದರೂ ಕಿತ್ತಿದ್ದರೆ, ಅದಿಲ್ಲದೆ ಮುಂದುವರಿಯಲಾರೆನೆಂದು ಇಂದಿನ ಲಿನಕ್ಸ್ ಯಂತ್ರವು ನಡುವೆಯೇ ನಿಂತು ಪಾಸ್‌ವರ್ಡನ್ನು ಕೇಳಬಹುದು. ಆ ಡಿಸ್ಕಿನ ಸಾಲಿಗೆ ‘ನೋ-ಫೇಲ್’ ಎಂಬ ಒಂದು ಪದವನ್ನು ಸೇರಿಸಿದರೆ, ಅದು ಇಲ್ಲದಿದ್ದರೂ ಚಿಂತೆಯಿಲ್ಲವೆಂದು ಯಂತ್ರಕ್ಕೆ ತಿಳಿಯುತ್ತದೆ. ನಾಲ್ಕನೆಯದಾಗಿ, ಹತ್ತಿರ ನೋಡುವವರೇ ಇಲ್ಲದ ಯಂತ್ರಕ್ಕೆ ಚಿತ್ರಗಳ ತೆರೆ ಬೇಡ. ಈಚಿನ ಆವೃತ್ತಿಗಳಲ್ಲಿ ‘ಸಿಸ್ಟಮ್-ಸಿಟಿಎಲ್’ ಎಂಬ ಆದೇಶದಿಂದ ಬರಿಯ ಅಕ್ಷರಗಳ ಸ್ಥಿತಿಯನ್ನೇ ಅದರ ನಿತ್ಯಸ್ಥಿತಿಯಾಗಿ ಗೊತ್ತುಮಾಡಬಹುದು. ಮಳೆಯ ಎಣಿಕೆಯಂಥ ಕೆಲಸವು ಯಾರೂ ಹೇಳದೆಯೇ ಆರಂಭವಾಗುವಂತೆಯೂ ವಿಧಿಸಬಹುದು. ಹಳೆಯ ಆವೃತ್ತಿಯನ್ನು ತೆಗೆದು ಹೊಸದನ್ನು ಹಾಕಿ, ಇವೆರಡನ್ನೂ ಮಾಡಿದೆವು.

ಕೊನೆಯದು ಪರೀಕ್ಷೆ. ಪರೀಕ್ಷಿಸದ ಏರ್ಪಾಡು ಹಾರೈಕೆಯಲ್ಲದೆ ಬೇರಲ್ಲ. ನಾವು ದಾಖಲೆಗಳ ಪ್ರತಿಯನ್ನು ತೆಗೆದುಕೊಂಡು, ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತು, ಮತ್ತೆ ಚುಚ್ಚಿ, ಅದು ಏಳುತ್ತಿರುವ ನಟ್ಟನಡುವೆ ಇನ್ನೊಮ್ಮೆ ಕಿತ್ತೆವು. ಘಟ್ಟದ ವಿದ್ಯುತ್ತಿನ ವರ್ತನೆಯನ್ನು ನಮ್ಮ ಕೈಯೇ ಅನುಕರಿಸಿತು. ಮೂರನೆಯ ಬಾರಿ ಚುಚ್ಚಿ, ಕೀಲಿಮಣೆಯನ್ನು ಮುಟ್ಟದೆ ಕಾದೆವು. ಎರಡು ನಿಮಿಷಗಳ ಮೇಲೆ ಬುಟ್ಟಿಯನ್ನು ಬೆರಳಿನಿಂದ ಮಗುಚಿದಾಗ ಎಣಿಕೆಯು ಒಂದು ಹೆಚ್ಚಿತು. ಮನೆಯ ಯಜಮಾನರು ನಕ್ಕು, ಇದನ್ನು ಜೂನಿಗೆ ಮುಂಚೆಯೇ ಮಾಡಬಹುದಿತ್ತಲ್ಲವೇ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಕೆಲವು ಆಕ್ಷೇಪಗಳು

ಇದನ್ನೆಲ್ಲ ವಿದ್ಯಾರ್ಥಿಗಳು ಕಲಿಯಬೇಕೆಂದು ನಾವು ಹೇಳಿದಾಗ ಮೂರು ಆಕ್ಷೇಪಗಳು ಬರುತ್ತವೆ.

ಚಿತ್ರಗಳ ಮೇಲೆ ಬೆರಳಿಟ್ಟರೆ ಎಲ್ಲವೂ ಆಗುವ ಈ ಕಾಲದಲ್ಲಿ ಆದೇಶಪಂಕ್ತಿಯ ಕಷ್ಟವೇಕೆಂಬುದು ಮೊದಲನೆಯದು. ನಮ್ಮನ್ನು ಆರು ದಿನ ಕೆಡಿಸಿದ ಆ ಏರ್ಪಾಡು ಚಿತ್ರಗಳ ಪಟ್ಟಿಯಲ್ಲಿ ಇರಲೇ ಇಲ್ಲವೆಂಬುದೇ ಇದಕ್ಕೆ ಸಾಕಾದ ಉತ್ತರ. ಅಷ್ಟೇ ಅಲ್ಲ. ಘಟ್ಟದ ದುರ್ಬಲ ಜಾಲದಲ್ಲಿ ಚಿತ್ರಗಳು ಹರಿಯಲಾರವು. ಒಂದು ಸಾಲು ಅಕ್ಷರಗಳು ಹೇಗೋ ದಾಟಿಯಾವು. ಅಕ್ಷರಗಳಲ್ಲಿರುವ ನಿಯಮವನ್ನು ನೋಟುಪುಸ್ತಕದಲ್ಲಿ ಬರೆದಿಡಬಹುದು, ದೂರವಾಣಿಯಲ್ಲಿ ಓದಿ ಹೇಳಬಹುದು, ನಿನ್ನೆಯದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಯಾವ ಗುಂಡಿಯನ್ನು ಯಾವ ಕ್ರಮದಲ್ಲಿ ಮುಟ್ಟಿದೆವೆಂಬುದು ಹಾಗೆ ನಿಲ್ಲುವುದಿಲ್ಲ.

ಅನುಭವವಿಲ್ಲದವರು ಕೈಯಿಟ್ಟರೆ ಯಂತ್ರವು ಏಳದೆಯೇ ಹೋಗಬಹುದೆಂಬುದು ಎರಡನೆಯ ಆಕ್ಷೇಪ. ಇದು ನಿಜ, ನಾವು ಇದನ್ನು ಹಗುರವಾಗಿ ಕಾಣುವುದಿಲ್ಲ. ಗ್ರಬ್ಬಿನ ಕಡತದಲ್ಲಿ ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೂ ಕೆಲಸ ಕೆಟ್ಟೀತು. ಡಿಸ್ಕಿನ ದೋಷಗಳನ್ನು ಯಾರನ್ನೂ ಕೇಳದೆ ಸರಿಪಡಿಸೆಂದು ವಿಧಿಸಿದರೆ, ಯಂತ್ರವು ಏಳುವುದೇನೋ ಖಂಡಿತ, ಆದರೆ ಒಂದೆರಡು ಕಡತಗಳನ್ನು ಬಲಿಗೊಟ್ಟು ಎದ್ದೀತು. ಆದುದರಿಂದ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿರುವಂತೆ ಇಲ್ಲಿಯೂ ಶಿಸ್ತು ಬೇಕು. ತಿದ್ದುವ ಮೊದಲು ಕಡತದ ಪ್ರತಿಯನ್ನು ತೆಗೆಯಬೇಕು. ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು. ಯಂತ್ರವು ಏಳದಿದ್ದರೆ ಅದನ್ನು ಬೇರೆ ದಾರಿಯಿಂದ ಎಬ್ಬಿಸುವ ಪೆನ್ ಡ್ರೈವ್ ಕೈಯಲ್ಲಿರಬೇಕು. ಪರರ ಯಂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಹೊಸಬರಿಗೆ ‘ವರ್ಚುವಲ್ ಬಾಕ್ಸ್’ನಂಥ ಸಾಧನವು ಯಂತ್ರದೊಳಗೆ ಇನ್ನೊಂದು ಕಲ್ಪಿತ ಯಂತ್ರವನ್ನು ಕಟ್ಟಿಕೊಡುತ್ತದೆ, ಅದನ್ನು ದಿನಕ್ಕೆ ಹತ್ತು ಸಲ ಕೆಡಿಸಿದರೂ ಯಾರಿಗೂ ನಷ್ಟವಿಲ್ಲ. ಕಪ್ಪೆಯನ್ನು ಕೊಯ್ಯದೆ ಜೀವಶಾಸ್ತ್ರವನ್ನು ಕಲಿಯುವ ಅನುಕೂಲ ಇಂದು ಬಂದಿರುವಂತೆ ಇದೂ ಒಂದು ಅನುಕೂಲ.

ಇದೆಲ್ಲವೂ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದ ಹುಡುಗರಿಗೆ ನಿಲುಕದು ಎಂಬುದು ಮೂರನೆಯದು. ಇದನ್ನು ನಾವು ಒಪ್ಪುವುದಿಲ್ಲ. ಈ ಕೆಲಸಕ್ಕೆ ಬೇಕಾದ ಪದಗಳು ಮೂವತ್ತನ್ನು ಮೀರಲಾರವು. ಬೀಜಗಣಿತದ ಚಿಹ್ನೆಗಳನ್ನು ಕಲಿತವರಿಗೆ ಇವು ಹೊರೆಯಲ್ಲ. ಇನ್ನೂ ಒಂದು ಸಂಗತಿ. ಇಂಥ ಕಡತಗಳಲ್ಲಿ ಒಂದು ವಿಶಿಷ್ಟ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಯಂತ್ರವು ಓದುವುದಿಲ್ಲ. ಅದು ಮನುಷ್ಯರ ಟಿಪ್ಪಣಿಗಾಗಿ ಮೀಸಲು. ಆ ಸಾಲನ್ನು ಕನ್ನಡದಲ್ಲಿಯೇ ಬರೆಯಬಹುದು. ಜಗತ್ತಿನ ಎಲ್ಲ ಲಿಪಿಗಳನ್ನೂ ಯಂತ್ರದೊಳಗೆ ಅಡಕಮಾಡುವ ‘ಯುಟಿಎಫ್-೮’ ಎಂಬ ಸಂಕೇತಪದ್ಧತಿಯನ್ನು ೧೯೯೨ರಲ್ಲಿ ರೂಪಿಸಿದವರು ಯುನಿಕ್ಸಿನ ಅದೇ ಕೆನ್ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿ ರಾಬ್ ಪೈಕ್. ಬರಿಯ ಕಪ್ಪು ತೆರೆಯಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಮೂಡದಿರಬಹುದು. ಚಿತ್ರತೆರೆಯ ಕಿಟಕಿಯಲ್ಲಿ ತೆರೆದರೆ ಓದಿಕೊಳ್ಳಬಹುದು. ಮಾಕುಟ್ಟದ ಯಂತ್ರದ ಕಡತದಲ್ಲಿ ಆ ಸಾಲಿನ ಮೇಲೆ, “ವಿದ್ಯುತ್ತು ಬಂದು ಬಂದು ಹೋಗುವ ಊರು, ಇಲ್ಲಿ ಕಾಯಬೇಡ” ಎಂದು ನಾವು ಬರೆದಿದ್ದೇವೆ. ಮುಂದೆ ಅದನ್ನು ತೆರೆಯುವವನಿಗೆ ಈ ಬದಲಾವಣೆ ಏಕಾಯಿತೆಂದು ಕೇಳಬೇಕಾಗಿಲ್ಲ.

ನಮ್ಮ ಬಿನ್ನಹ

ದೂರದಲ್ಲಿರುವ ಯಂತ್ರಕ್ಕೆ ತಾನಾಗಿ ಏಳುವ ಶಕ್ತಿಯು ಎಷ್ಟು ಮುಖ್ಯವೆಂಬುದಕ್ಕೆ ಜಗತ್ತಿನಲ್ಲಿ ದೊಡ್ಡ ನಿದರ್ಶನಗಳಿವೆ. ೧೯೯೭ರ ಜುಲೈ ತಿಂಗಳಲ್ಲಿ ಮಂಗಳಗ್ರಹದ ಮೇಲಿಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕಯಂತ್ರವು ಕೆಲಸದ ಸರದಿಯಲ್ಲಿನ ಒಂದು ದೋಷದಿಂದ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿತ್ತು. ಅದರ ವ್ಯವಸ್ಥೆಯು ಯುನಿಕ್ಸ್ ಆಗಿರಲಿಲ್ಲ. ಆದರೆ ಸಿಕ್ಕಿಕೊಂಡಾಗಲೆಲ್ಲ ತಾನಾಗಿ ಮರಳಿ ಏಳುವ ಏರ್ಪಾಡು ಸರಿಯಾಗಿತ್ತು. ಆದುದರಿಂದಲೇ ಭೂಮಿಯಲ್ಲಿದ್ದವರಿಗೆ ದೋಷವನ್ನು ಹುಡುಕಿ, ತಿದ್ದುಪಡಿಯನ್ನು ಕಳುಹಿಸುವಷ್ಟು ಕಾಲಾವಕಾಶ ದೊರೆಯಿತು. ೨೦೧೪ರಲ್ಲಿ ನಮ್ಮ ಮಂಗಳಯಾನವು ಆ ಗ್ರಹದ ಕಕ್ಷೆಯನ್ನು ಸೇರಿದಾಗ, ಬೆಂಗಳೂರಿನ ಬಳಿಯ ಬ್ಯಾಲಾಳಿನ ಬೃಹತ್ ಆಂಟೆನಾಗಳಿಂದ ಅದರೊಡನೆ ಮಾತನಾಡುತ್ತಿದ್ದವರಿಗೂ, ಅಲ್ಲಿಗೆ ಹೋಗಿ ಗುಂಡಿಯೊತ್ತುವ ಅವಕಾಶ ಇರಲಿಲ್ಲವಷ್ಟೆ. ಮಂಗಳಗ್ರಹದ ಮಾತಿರಲಿ. ರಸ್ತೆ ಮುಚ್ಚಿದ ಮಳೆಗಾಲದ ರಾತ್ರಿಯಲ್ಲಿ ಮಾಕುಟ್ಟವೂ ನಮಗೆ ಅಷ್ಟೇ ದೂರ.

ಮಾಕುಟ್ಟದ ಹೊಳೆಯಾಚೆ, ಕೇರಳದ ಸರ್ಕಾರಿ ಪ್ರೌಢಶಾಲೆಗಳಲ್ಲಿ, ಎಷ್ಟೋ ವರ್ಷಗಳಿಂದ ಗ್ನೂ-ಲಿನಕ್ಸ್ ಆಧಾರದ ಮೇಲೆಯೇ ಗಣಕವಿದ್ಯೆಯನ್ನು ಕಲಿಸುತ್ತಿದ್ದಾರೆ. ಕರ್ನಾಟಕದಲ್ಲಿಯೂ ಉಬುಂಟುವನ್ನು ಬಳಸುವ ಶಾಲೆಗಳಿವೆ. ಎಂದರೆ, ನಾವು ಹೇಳುತ್ತಿರುವುದಕ್ಕೆ ಹೊಸ ಯಂತ್ರಗಳೂ ಬೇಡ, ಹೊಸ ಹಣವೂ ಬೇಡ. ಬೇಕಾದುದು ಪಾಠದ ರೀತಿಯಲ್ಲಿ ಒಂದು ಸಣ್ಣ ಬದಲಾವಣೆ. ಇಂದು ನಮ್ಮ ವಿದ್ಯಾರ್ಥಿಗಳು ಎದ್ದು ನಿಂತಿರುವ ಯಂತ್ರದ ಮುಂದೆ ಕುಳಿತು ಬರೆಹವನ್ನೂ ಚಿತ್ರವನ್ನೂ ಮಾಡುವುದನ್ನು ಕಲಿಯುತ್ತಾರೆ. ಯಂತ್ರವು ಹೇಗೆ ಎದ್ದಿತೆಂಬುದು ಅವರಿಗೆ ಪವಾಡವಾಗಿಯೇ ಉಳಿಯುತ್ತದೆ. ಪವಾಡವನ್ನು ನಂಬಿದವನು ಅದು ನಡೆಯದ ದಿನ ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ವ್ಯಾಸಂಗದ ಅವಧಿಯಲ್ಲಿ ಒಮ್ಮೆಯಾದರೂ ಒಂದು ಯಂತ್ರದ, ಕಲ್ಪಿತ ಯಂತ್ರವಾದರೂ ಸರಿ, ಬೂಟಿನ ಕಡತವನ್ನು ತೆರೆದು ಓದಲಿ. ಒಂದು ಸಾಲನ್ನು ತಿದ್ದಲಿ. ತಿದ್ದಿದ ಕಾರಣವನ್ನು ಕನ್ನಡದಲ್ಲಿ ಟಿಪ್ಪಣಿ ಮಾಡಲಿ. ಬಳಿಕ ಯಂತ್ರವನ್ನು ಆರಿಸಿ, ಕೈಮುಟ್ಟದೆ ಅದು ಏಳುವುದನ್ನು ನೋಡಲಿ. ಒಂದು ಮಧ್ಯಾಹ್ನದ ಕೆಲಸ.

ಸಾರ್ವಜನಿಕರಿಗಾಗಿ ದೂರದ ಊರುಗಳಲ್ಲಿ ಯಂತ್ರಗಳನ್ನು ನಿಲ್ಲಿಸುವವರಿಗೂ ನಮ್ಮದೊಂದು ಮಾತಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ದೂರಸಂವೇದಿ ಮಳೆಮಾಪಕಗಳನ್ನು ನಡೆಸುತ್ತ ಬಂದಿದೆ. ಇಂಥ ಮಹತ್ತಾದ ಕಾರ್ಯಗಳ ಪಕ್ಕದಲ್ಲಿ ಪಂಚಾಯಿತಿಯ, ಶಾಲೆಯ, ತೋಟದ ಸಣ್ಣ ಸಣ್ಣ ಯಂತ್ರಗಳೂ ಇಂದು ಹಳ್ಳಿ ಹಳ್ಳಿಯಲ್ಲಿ ಬಂದು ಕುಳಿತಿವೆ. ಯಾವ ಯಂತ್ರವನ್ನೇ ಆಗಲಿ ನಿಲ್ಲಿಸಿ ಬರುವ ಮೊದಲು, ಎರಡು ಸಲ ತಂತಿಯನ್ನು ಕಿತ್ತು ನೋಡದೆ ಅಲ್ಲಿಂದ ಹೊರಡಬಾರದು.

ಕೊಡಗಿನಲ್ಲಿ ಮಳೆಗಾಲಕ್ಕೆ ಮುಂಚೆ ಪ್ರತಿಯೊಂದು ಮನೆಯವರೂ ಸೌದೆಯನ್ನು ಒಟ್ಟುತ್ತಾರೆ, ಮಾಡಿನ ಹೆಂಚುಗಳನ್ನು ನೋಡಿಕೊಳ್ಳುತ್ತಾರೆ, ಚರಂಡಿಗಳ ಎಲೆಯನ್ನು ತೆಗೆಯುತ್ತಾರೆ. ಹೆಂಚು ಸರಿಯಾಗಿದೆಯೆಂದು ಹೆಂಚಿನ ಕಾರ್ಖಾನೆಯವನ ಮಾತಿನ ಮೇಲೆ ಯಾರೂ ನಂಬಿ ಕೂರುವುದಿಲ್ಲ; ಏಣಿಯನ್ನು ಹಾಕಿ ತಾವೇ ಹತ್ತಿ ನೋಡುತ್ತಾರೆ. ಮನೆಯೊಳಗೆ ಯಂತ್ರವಿರುವವರು ಆ ಪಟ್ಟಿಗೆ ಇನ್ನೊಂದು ಕೆಲಸವನ್ನು ಸೇರಿಸಿಕೊಳ್ಳಬೇಕು. ನಾವು ಈಗ ಪ್ರತಿವರ್ಷವೂ ಮೇ ತಿಂಗಳಲ್ಲಿ ಮಾಕುಟ್ಟಕ್ಕೆ ಹೋಗಿ ತಂತಿಯನ್ನು ಕಿತ್ತು ನೋಡಿ ಬರುತ್ತೇವೆ. ಆಮೇಲೆ ಮಳೆ ಬರಲಿ.